145/80 ಆರ್12: ಉಲ್ಲಾಳದ ಒಂದು ರಬ್ಬರ್ ಶಾಸನದ ವ್ಯಾಖ್ಯಾನ

ಈ ಪ್ರಬಂಧದಲ್ಲಿ ಉಲ್ಲಾಳವೆಂದರೆ ರಾಣಿ ಅಬ್ಬಕ್ಕನ ಕಡಲತೀರದ ಉಲ್ಲಾಳವಲ್ಲ; ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ, ಜ್ಞಾನಭಾರತಿ ಆವರಣಕ್ಕೆ ಹತ್ತಿರವಾಗಿ, ಒಂದು ಕೆರೆಯನ್ನೂ ಒಂದು ಮುಖ್ಯರಸ್ತೆಯನ್ನೂ ಆ ರಸ್ತೆಗೆ ಬೇಕಾದುದಕ್ಕಿಂತ ಹೆಚ್ಚು ಹಂಪುಗಳನ್ನೂ ಹೊಂದಿರುವ ಉಲ್ಲಾಳವೆಂದು ತಿಳಿಯತಕ್ಕದ್ದು. ಇಲ್ಲಿನ ಮನೆಗಳ ಮುಂದೆ ನಿಂತಿರುವ ಆಲ್ಟೊ 800 ಕಾರುಗಳ ಟೈರುಗಳ ಮೇಲೆ ಕಂಡುಬರುವ ‘145/80 ಆರ್12’ ಎಂಬ ಕಿರುಶಾಸನವೇ ಈ ಅಧ್ಯಯನದ ಆಕರ.

ಶಾಸನದ ಪಾಠವು ಚಿಕ್ಕದಾದರೂ ಭಾಷೆ ಸಂಕೀರ್ಣವಾಗಿದೆ. 145 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂಬುದು ಆ ಅಗಲದ ಶೇಕಡಾ ಎಷ್ಟು ಪಾಲು ಟೈರಿನ ಪಕ್ಕದ ಗೋಡೆಯ ಎತ್ತರವಿದೆ ಎಂಬುದರ ಸೂಚನೆ. ‘ಆರ್’ ಎಂದರೆ ರೇಡಿಯಲ್, ಅಂದರೆ ಒಳಗಿನ ದಾರಗಳು ಚಕ್ರದ ಕೇಂದ್ರದಿಂದ ಹೊರಟ ಕಿರಣಗಳಂತೆ ಹಾಯ್ದಿರುವ ರಚನೆ. 12 ಎಂಬುದು ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಫ್ರೆಂಚರ ಅಳತೆ, ಇಂಗ್ಲಿಷರ ಅಳತೆ, ನಡುವೆ ಶೇಕಡಾವಾರು ಲೆಕ್ಕ ಮೂರನ್ನೂ ಬೆರೆಸಿದ ಶಾಸನಕವಿ ಯಾರೆಂಬುದನ್ನು ಈ ಪ್ರಬಂಧ ಕೆದಕುವುದಿಲ್ಲ. ಆದರೆ ಕಾಲನಿರ್ಣಯದ ವಿಷಯದಲ್ಲಿ ಆತ ನಿಷ್ಠಾವಂತ: ಹಲ್ಮಿಡಿ ಶಾಸನದಲ್ಲಿ ಇಸವಿಯೇ ಇಲ್ಲದೆ ವಿದ್ವಾಂಸರು ಲಿಪಿಯನ್ನು ನೋಡಿ ಕಾಲ ಊಹಿಸಬೇಕಾಯಿತು, ಟೈರಿನಲ್ಲಾದರೋ ‘2319’ ಎಂದು ಅಚ್ಚಾಗಿದ್ದರೆ 2019ರ 23ನೆಯ ವಾರವೆಂದು ಕಣ್ಣುಮುಚ್ಚಿ ಹೇಳಬಹುದು.

ಈಗ ಪೂರ್ವಪಕ್ಷ. ದಪ್ಪ ಟೈರು ಹಾಕಿಸಿದರೆ ಮೈಲೇಜು ಬೀಳುತ್ತದೆ ಎಂಬುದು ಒಂದು ಪಂಥದ ವಾದ. ಅಗಲ ಹೆಚ್ಚಿದಷ್ಟೂ ತೂಕವೂ ಗಾಳಿಯ ತಡೆಯೂ ಹೆಚ್ಚುತ್ತವೆ, ಜೊತೆಗೆ ಉರುಳುವಾಗ ರಬ್ಬರು ಪ್ರತಿ ಸುತ್ತಿಗೂ ಅಪ್ಪಚ್ಚಿಯಾಗಿ ಮತ್ತೆ ಉಬ್ಬುವುದರಲ್ಲಿ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ, ಇದಕ್ಕೆ ಉರುಳು ಪ್ರತಿರೋಧವೆಂದು ಹೆಸರು, ಎಂಬುದು ಅವರ ಅನುಮಾನ ಪ್ರಮಾಣ. ಎದುರು ಪಂಥದವರು ಅವಲಂಬಿಸುವುದು ಶಬ್ದ ಪ್ರಮಾಣವನ್ನು, ಅರ್ಥಾತ್ ಟೈರು ಅಂಗಡಿಯವನ ‘ಗ್ರಿಪ್ ಬರುತ್ತೆ ಸಾರ್, ಮೈಲೇಜೇನೂ ಆಗಲ್ಲ’ ಎಂಬ ಆಪ್ತವಾಕ್ಯವನ್ನು.

ಇನ್ನುಳಿದ ಪ್ರತ್ಯಕ್ಷ ಪ್ರಮಾಣವೇ ಎಲ್ಲಕ್ಕಿಂತ ಮೋಸದ್ದು. ಆಲ್ಟೊದ 12 ಇಂಚಿನ ರಿಮ್ಮು ಕಳಚಿ 155/65 ಆರ್13 ಹಾಕಿಸಿದ ಮಾಲೀಕನು ತನ್ನ ಚಕ್ರ ದೊಡ್ಡದಾಯಿತೆಂದು ನಂಬುತ್ತಾನೆ. ಲೆಕ್ಕ ಹಾಕಿದರೆ ಹಳೆಯ ಟೈರಿನ ಒಟ್ಟು ವ್ಯಾಸ ಸುಮಾರು 537 ಮಿ.ಮೀ., ಹೊಸದರದು 532 ಮಿ.ಮೀ.; ರಿಮ್ಮು ಹಿಗ್ಗಿದೆ, ಚಕ್ರ ಕುಗ್ಗಿದೆ. ಓಡೋಮೀಟರು, ಅಂದರೆ ಓಡಿದ ದೂರ ತೋರಿಸುವ ಮಾಪಕ, ರಸ್ತೆಯನ್ನು ನೋಡುವುದಿಲ್ಲ, ಸುತ್ತುಗಳನ್ನು ಎಣಿಸಿ ಹಳೆಯ ಸುತ್ತಳತೆಯಿಂದ ಗುಣಿಸುತ್ತದೆ. ಆದ್ದರಿಂದ ಅದು 100 ಕಿ.ಮೀ.ಗೆ 101 ಎಂದು ಬರೆಯುತ್ತದೆ, ಅಗಲ ಟೈರು ಕುಡಿದ ಹೆಚ್ಚುವರಿ ಪೆಟ್ರೋಲು ಆ ಒಂದು ಕಿ.ಮೀ.ಯ ಮರೆಯಲ್ಲಿ ತಲೆಮರೆಸಿಕೊಳ್ಳುತ್ತದೆ. ಟೈರು ಬದಲಿಸದೆಯೂ ಈ ಲಾಭ ಸಿಗುತ್ತದೆ. ಹೊಸ ಟೈರಿನ ಗುಂಡಿ, ಅಂದರೆ ನೆಲ ಮುಟ್ಟುವ ಮೈಮೇಲಿನ ತೋಡು, ಸುಮಾರು 7 ಮಿ.ಮೀ. ಆಳವಿದ್ದು, ಕಾನೂನಿನ ತಳಮಿತಿಯಾದ 1.6 ಮಿ.ಮೀ.ವರೆಗೆ ಸವೆದಾಗ ವ್ಯಾಸ ಶೇ. 2ರಷ್ಟು ಇಳಿಯುವುದರಿಂದ, ಬೋಳು ಟೈರಿನ ಕಾರು ಕಾಗದದ ಮೇಲೆ ಅತ್ಯುತ್ತಮ ಮೈಲೇಜು ಕೊಡುತ್ತದೆ, ಮೊದಲ ಮಳೆ ಬೀಳುವ ತನಕ.

ಸಿದ್ಧಾಂತಕ್ಕೆ ಬರುವುದಾದರೆ, ಎರಡೂ ಪಂಥಗಳು ಹಂಪನ್ನು ಕಡೆಗಣಿಸಿವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾನದಂಡದಂತೆ ಹಂಪು 3.7 ಮೀಟರು ಅಗಲ, 10 ಸೆಂ.ಮೀ. ಎತ್ತರವಿರಬೇಕಿತ್ತು, 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕಿತ್ತು; ಆದರೆ ಅಡ್ಡರಸ್ತೆಗಳಲ್ಲಿ ಮನೆಯವರೇ ಉಳಿದ ಸಿಮೆಂಟಿನಲ್ಲಿ ಎಬ್ಬಿಸಿದ ದಿಣ್ಣೆಗೆ ಆ ಮಾನದಂಡದ ಪರಿಚಯವಿಲ್ಲ. ಜನರೂ ಸೇರಿ 900 ಕಿಲೋ ತೂಗುವ ಕಾರು 36 ಕಿ.ಮೀ. ವೇಗದಿಂದ 10ಕ್ಕೆ ಇಳಿದು ಮತ್ತೆ ಮೊದಲಿನ ವೇಗಕ್ಕೆ ಬರಲು, ಪೆಟ್ರೋಲಿನ ಶಕ್ತಿಯ ಕಾಲುಭಾಗವಷ್ಟೇ ಚಕ್ರಕ್ಕೆ ತಲುಪುವುದೆಂದು ಹಿಡಿದರೆ, ಸುಮಾರು 5 ಮಿಲಿಲೀಟರ್ ಪೆಟ್ರೋಲು ಬೇಕು, ಅಂದರೆ ಒಂದು ಟೀ ಚಮಚ. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಅಗಲ ಟೈರು ಶೇ. 1 ನಷ್ಟ ಮಾಡಿತೆಂದೇ ಇಟ್ಟುಕೊಂಡರೂ ಅದು ಕಿ.ಮೀ.ಗೆ 0.7 ಮಿಲಿಲೀಟರನ್ನು ಮುಟ್ಟುವುದಿಲ್ಲ. ಒಂದು ಹಂಪಿನ ಪಾಪ ಟೈರಿನ ಏಳು ಕಿ.ಮೀ. ಪಾಪಕ್ಕೆ ಸಮ, ಕೆರೆಯ ಕಡೆಯಿಂದ ಮುಖ್ಯರಸ್ತೆಗೆ ಬರುವಷ್ಟರಲ್ಲಿ 13 ಇಂಚು, 12 ಇಂಚು ಎಂಬ ವಾದವೇ ಅಪ್ರಸ್ತುತವಾಗುತ್ತದೆ. ಆಲ್ಟೊ 800ಕ್ಕೆ ಘೋಷಿಸಲಾಗಿದ್ದ 22.05 ಕಿ.ಮೀ. ಪ್ರಯೋಗಾಲಯದ ಉರುಳೆಗಳ ಮೇಲೆ ಬಂದದ್ದು, ಅಲ್ಲಿ ಹಂಪಿಲ್ಲ.

ಆದ್ದರಿಂದ ಉಲ್ಲಾಳದಲ್ಲಿ ‘ಗಾಡಿ ಎಷ್ಟು ಕೊಡುತ್ತೆ?’ ಎಂದು ಕೇಳಲ್ಪಟ್ಟವರು ಟೈರಿನ ಅಳತೆ, ಅಚ್ಚಾದ ವಾರ, ಉಳಿದಿರುವ ಗುಂಡಿಯ ಆಳ ಮತ್ತು ಮನೆಯಿಂದ ಬಂಕಿನವರೆಗಿನ ಹಂಪುಗಳ ಸಂಖ್ಯೆಯನ್ನು ಮೊದಲು ತಿಳಿಸಿ, ಗಾಳಿ ಎಷ್ಟು ಪೌಂಡಿದೆ ಎಂಬುದನ್ನು ಚಾಲಕನ ಬಾಗಿಲ ಬಳಿಯ ಚೀಟಿಯೊಡನೆ ತಾಳೆ ನೋಡಿ, ಅನಂತರವೇ ಉತ್ತರ ಹೇಳತಕ್ಕದ್ದು. ಇವಿಲ್ಲದೆ ಹೇಳಿದ ಯಾವ ಅಂಕಿಯನ್ನೂ ಈ ಪ್ರಬಂಧ ಮಾನ್ಯ ಮಾಡುವುದಿಲ್ಲ.