ಹಬ್ಬಕ್ಕೆ ಮೂರು ಹಳೇ ಆಟ

ಪಕ್ಕದ ಮನೆಯ ಕಾಕೂ ಕಂಪೌಂಡಿನ ಮೇಲೆ ಮೊಣಕೈ ಊರಿ ನಿಂತರೆಂದರೆ ಒಂದು ತಾಸಿನ ಮಾತು ಕಾದಿದೆ ಎಂದೇ ತಿಳಿಯಬೇಕು. ಮೊನ್ನೆಯದು ದೀಪಾವಳಿಯ ಲೆಕ್ಕ.

“ತಮ್ಮಾ, ಮೂರ್ ಮಂದೀಗೆ ಏನರ ಕೊಡಬೇಕಾಗೇತಿ. ಇಲ್ಲೇ ಗೋಕಾಕದಾಗ ಮೊಮ್ಮಗಳು, ಮೂಡಲಗಿಯಾಗ ಡಿಪ್ಲೊಮಾ ಕಲಿಯೂ ನಮ್ಮ ತಂಗಿ ಮೊಮ್ಮಗ, ಹುಕ್ಕೇರಿಯಾಗ ನಮ್ಮಣ್ಣ. ವರ್ಷಾ ಕರದಂಟನ ಒಯ್ತೀನಿ. ಮೂರೂ ಮನ್ಯಾಗ ಕಂಪ್ಯೂಟರ್ ಅದಾವು, ಅದರಾಗಿಂದು ಏನರ ಹೇಳು.”

“ಹಳೇ ಆಟ ಕೊಡ್ರಿ ಕಾಕೂ.”

“ಹಳೇವು ಯಾಕೋ? ಈಗಿನವು ಚಂದ ಇರೂದಿಲ್ಲೇನು?”

“ಚಂದ ಅದಾವ್ರಿ. ಆದರ ಭಾಳಷ್ಟಕ್ಕ ದೊಡ್ಡ ಮಷಿನ್ ಬೇಕು, ನಡುವ ರೊಕ್ಕಾ ಕೇಳತಾವು, ಎಷ್ಟ ಆಡಿದ್ರೂ ಮುಗಿಯೂದಿಲ್ಲ. ಹಳೇ ಆಟ ಒಂದು ಫ್ಲಾಪಿಯೊಳಗ ಹಿಡಿಸ್ತಿದ್ದುವು. ಎಷ್ಟೋ ಆಟಾ ಒಬ್ಬನ ಮಾಡಿರತಿದ್ದ. ನಮ್ಮೂರ ಕಟಗಿ ಮಾವಿನಹಣ್ಣು, ಬದ್ನಿಕಾಯಿ ನೋಡಿದ್ರ ಕೆತ್ತಿದವರ ಕೈ ಕಾಣತೈತೆಲ್ಲ, ಹಂಗ ಇದರಾಗೂ ಕಾಣತೈತಿ.”

ಮೊಮ್ಮಗಳಿಗೆ ನಾನು ಹೇಳಿದ್ದು ಡೇವ್. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕ್ಲಾಸಿನೊಳಗೆ ಕಾಲಿಟ್ಟ ನನ್ನ ವಯಸ್ಸಿನವರಿಗೆಲ್ಲ ಗೊತ್ತಿರುವ ಆಟ. ಕಪ್ಪು ಪರದೆಯಲ್ಲಿ ಆಟದ ಹೆಸರು ಒತ್ತಿ ಎಂಟರ್ ಹೊಡೆದರೆ ಕೆಂಪು ಟೊಪ್ಪಿಗೆಯ ಹುಡುಗ ಬಂದು ನಿಲ್ಲುತ್ತಿದ್ದ. ಜಾನ್ ರೊಮೆರೊ ಬರೆದದ್ದು, ಪಿಸಿಗೆ ಬಂದದ್ದು 1990ರಲ್ಲಿ. ಮೂರು ವರ್ಷದ ಮೇಲೆ ಜಗತ್ತನ್ನೇ ಹಿಡಿದು ಕೂರಿಸಿದ ಡೂಮ್ ಆಟದ ತಂಡದಲ್ಲೂ ಇದೇ ರೊಮೆರೊ ಇದ್ದರು. ಡೇವ್‌ನಲ್ಲಿ ಇರುವುದು 10 ಹಂತ. ಹರಳುಗಳನ್ನು ಆರಿಸುತ್ತ, ಬೆಂಕಿ ದಾಟುತ್ತ ಹೋಗಬೇಕು. ಬಂಗಾರದ ಬಟ್ಟಲು ಕೈಗೆ ಬಂದಮೇಲೇ ಬಾಗಿಲು ತೆರೆಯುತ್ತದೆ. ಬಿದ್ದರೆ ಆ ಹಂತದ ಮೊದಲಿಗೆ ವಾಪಸ್. ಒಂಬತ್ತು ವರ್ಷದ ಕೂಸಿಗೆ ತಾಳ್ಮೆ ಕಲಿಸಲು ಇದಕ್ಕಿಂತ ಮೆತ್ತಗಿನ ಮೇಷ್ಟ್ರು ಬೇಡ.

ಮೂಡಲಗಿಯ ಹುಡುಗನಿಗೆ ಪ್ರಿನ್ಸ್ ಆಫ್ ಪರ್ಷಿಯಾ. 1989ರ ಆಟ. ರಾಜಕುಮಾರಿಯನ್ನು ಬಿಡಿಸಲು ಸಿಗುವುದು 60 ನಿಮಿಷ ಮಾತ್ರ. ಮಾಡಿದ ಜೋರ್ಡನ್ ಮೆಕ್ನರ್ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ ವಿಡಿಯೊ ತೆಗೆದರು. ಅದರ ಒಂದೊಂದು ಚಿತ್ರವನ್ನೂ ನೋಡಿ ಬರೆದು ರಾಜಕುಮಾರನಿಗೆ ಆ ನಡಿಗೆ ತಂದರು. ಅಂಚಿಗೆ ಜೋತು ಬಿದ್ದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವಾಗ ಆ ಭಾರ ನಮ್ಮ ತೋಳಿಗೂ ತಾಕುವುದು ಇದಕ್ಕೇ.

ಎದುರಾಳಿಯ ಚಿತ್ರ ಸೇರಿಸೋಣವೆಂದರೆ ಆಪಲ್-2 ಯಂತ್ರದ ಮೆಮೊರಿಯಲ್ಲಿ ಜಾಗವೇ ಉಳಿದಿರಲಿಲ್ಲ. ಮೆಕ್ನರ್ ರಾಜಕುಮಾರನ ಚಿತ್ರಗಳಿಂದಲೇ ಒಂದು ನೆರಳನ್ನು ಹುಟ್ಟಿಸಿದರು. ಕನ್ನಡಿಯೊಳಗಿಂದ ಜಿಗಿದಾಗ ಬೇರೆಯಾಗುವ ಆ ನೆರಳು ಕೊನೆಯ ಹೊತ್ತಿಗೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಹೊಡೆದರೆ ಪೆಟ್ಟು ನಮಗೇ. ಕತ್ತಿ ಕೆಳಗಿಳಿಸಿ ಅದರತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ.

“ಇದನ್ನ ಮಾತ್ರ ಹುಡುಗಗ ಹೇಳಬ್ಯಾಡ್ರಿ, ತಾನ ಕಂಡಕೊಳ್ಳಲಿ,” ಎಂದೆ. ಇನ್ನೊಂದನ್ನು ಹೇಳಲೇಬೇಕು: 2012ರಲ್ಲಿ ಮೆಕ್ನರ್ ಅವರ ಹಳೇ ಫ್ಲಾಪಿಗಳು ತಂದೆಯ ಕೈಗೆ ಸಿಕ್ಕವು. ಅವುಗಳಲ್ಲಿದ್ದ ಮೂಲ ಕೋಡನ್ನು ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಕಂಪ್ಯೂಟರ್ ಕಲಿಯುವ ಹುಡುಗನಿಗೆ ಆಟ ಒಂದು ಕಾಣಿಕೆ, ಅದನ್ನು ಕಟ್ಟಿದ ಬಗೆ ಇನ್ನೊಂದು.

“ಅಣ್ಣಗ? ಅವ ಹುಟ್ಟಾ ಗೌಂಡಿ ಕೆಲಸಾ ಮಾಡಿದಾಂವ. ಮೊಣಕಾಲ ಹಿಡದಾವು, ಮನ್ಯಾಗ ಕುಂತಾನ. ಇಂಗ್ಲಿಷ್ ಬರೂದಿಲ್ಲ.”

ಹಾಗಾದರೆ ಟೆಟ್ರಿಸ್. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಇದನ್ನು ಕಟ್ಟಿದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿಯೇ ಇಟ್ಟಿಗೆ ಮಾಡಿದರು. ನಾಲ್ಕು ನಾಲ್ಕು ಚೌಕದ ಏಳು ಆಕಾರಗಳು ಮೇಲಿಂದ ಇಳಿಯುತ್ತವೆ. ತಿರುಗಿಸಿ ಸಂದಿಗೆ ಕೂರಿಸಬೇಕು, ಸಾಲು ತುಂಬಿದರೆ ಮಾಯ. ಓದುವುದೇನೂ ಇಲ್ಲ. ಯಾವ ಕಲ್ಲು ಯಾವ ಸಂದಿಗೆ ಎಂದು ನಲವತ್ತು ವರ್ಷ ನೋಡಿದ ಕಣ್ಣಿಗೆ ಬೇರೆ ಪಾಠವೇಕೆ?

ಕೊಡುವುದೂ ಕಷ್ಟವಲ್ಲ. ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಸಾವಿರಾರು ಹಳೇ ಆಟಗಳನ್ನು ಬ್ರೌಸರಿನಲ್ಲೇ ಆಡಬಹುದು. ಆ ಕಾಲದ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ನಡೆಸಲು ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಒಂದು ಹಾಳೆಯಲ್ಲಿ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು ಕನ್ನಡದಲ್ಲಿ ಕೈಯಾರೆ ಬರೆದು ಕೊಡಬೇಕು. ಪಕ್ಕದಲ್ಲಿ ಕುಳಿತು ಮೊದಲ ಹಂತ ದಾಟಿಸಬೇಕು. ನನಗೆ ಡೇವ್ ಸಿಕ್ಕಿದ್ದೂ ಹಾಗೆಯೇ. ಪಕ್ಕದ ಕುರ್ಚಿಯ ಹುಡುಗ ನನ್ನ ಬೆರಳನ್ನು ಬಾಣದ ಕೀಲಿಯ ಮೇಲೆ ಇಟ್ಟು “ಈಗ ಜಿಗಿ” ಎಂದಿದ್ದ. ಆ ಮಾತು ಇಲ್ಲದೆ ಬರೀ ಆಟ ಕೊಟ್ಟರೆ ಅರ್ಧ ಕಾಣಿಕೆ ಕೊಟ್ಟಂತೆ.

ಕಾಕೂ ಸುಮ್ಮನಾದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಗೇಟು ತೆಗೆದು ಒಳಗೇ ಬಂದರು. “ಹಂಗಾದ್ರ ಮೊದಲ ನನಗ ಕಲಸು.”

ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಬಟ್ಟಲಿಗೆ ಜಿಗಿದು ಆರು ಸಲ ತಪ್ಪಿದರು. ಏಳನೆಯ ಸಲಕ್ಕೆ ನಾನು “ಈಗ ಜಿಗೀರಿ ಕಾಕೂ” ಎಂದೆ. ಬಟ್ಟಲು ಸಿಕ್ಕಿತು.