ಅಂಜನಾದ್ರಿ ತಪ್ಪಲಿನ ಟೀಶರ್ಟು: ಒಂದು ಗುರು-ಲಘು ಮೀಮಾಂಸೆ

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯ ಬಗ್ಗೆ ಈವರೆಗೆ ಬರೆದವರೆಲ್ಲ ಬೆಟ್ಟ, ಹೊಳೆ, ಬಂಡೆ, ಬಾಳೆತೋಟ ಎಂದು ನಾಲ್ಕು ಮಾತಾಡಿ ಕೈತೊಳೆದುಕೊಂಡಿದ್ದಾರೆ. ಅಂಜನಾದ್ರಿಯ 575 ಮೆಟ್ಟಿಲು ಏರುವ ಗಂಡಸಿನ ಮೈಮೇಲಿನ ಟೀಶರ್ಟು ಚದರ ಮೀಟರಿಗೆ ಎಷ್ಟು ಗ್ರಾಂ ತೂಗಬೇಕು ಎಂಬ ಮೂಲಭೂತ ಪ್ರಶ್ನೆಯನ್ನು ಎತ್ತಿದವರಿಲ್ಲ. ಕವಿರಾಜಮಾರ್ಗವು ಕೊಪಣನಗರವನ್ನು, ಅಂದರೆ ಈಗಿನ ಕೊಪ್ಪಳವನ್ನು, ತಿರುಳ್ಗನ್ನಡದ ಸೀಮೆಯೊಳಗೆ ಸೇರಿಸಿ ದೊಡ್ಡ ಉಪಕಾರ ಮಾಡಿತು. ಅಂಗಿಯ ತಿರುಳಿನ ಬಗ್ಗೆ ಒಂದಕ್ಷರ ಹೇಳಲಿಲ್ಲ. ಕೊಪ್ಪಳದ ಗವಿಮಠದಲ್ಲಿ ಒಂದು, ಪಾಲ್ಕಿಗುಂಡುವಿನಲ್ಲಿ ಒಂದು ಅಶೋಕನ ಶಾಸನವಿದೆ. ಎರಡೂ ಟೀಶರ್ಟಿನ ವಿಷಯದಲ್ಲಿ ಮೌನ. ಸಾಮ್ರಾಟನೊಬ್ಬ ಒಂದೇ ಊರಿನ ಎರಡೆರಡು ಕಡೆ ಕಲ್ಲು ಕೆತ್ತಿಸಿಯೂ ಒಂದು ಸಂಗತಿಯನ್ನು ಬಿಟ್ಟನೆಂದರೆ, ಅದು ಆಗಿನವರಿಗೆಲ್ಲ ಚೆನ್ನಾಗಿ ಗೊತ್ತಿತ್ತು ಎಂದೇ ತಿಳಿಯಬೇಕು. (ಇಂಥ ತರ್ಕಕ್ಕೆ ನಮ್ಮ ಸಂಶೋಧನಾ ವಲಯದಲ್ಲಿ ಮರ್ಯಾದೆಯಿದೆ. ಇದರ ಮೇಲೆಯೇ ನಿಂತ ಪಿಎಚ್‌.ಡಿ.ಗಳು ಇನ್ನೂ ಬಿದ್ದಿಲ್ಲ.)

ಮೊದಲು ಪರಿಭಾಷೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆಯ ತೂಕ ಎಷ್ಟು ಗ್ರಾಮೋ ಅದೇ ಅದರ ಜಿಎಸ್‌ಎಂ. ತಿರುಪ್ಪೂರಿನಿಂದ ಬರುವ ಹೆಣಿಗೆ ಬಟ್ಟೆಯಲ್ಲಿ 120ರಿಂದ 140ರವರೆಗಿನದು ತೆಳು. 150ರಿಂದ 180 ಮಧ್ಯಮ. 200 ದಾಟಿದರೆ ದಪ್ಪ. ಭುಜ ಮೊಣಕೈಗಿಳಿಯುವ ಈಗಿನ ಓವರ್‌ಸೈಜ್ ಅವತಾರದಲ್ಲಿ 220, 240. ನೂಲಿನ ಲೆಕ್ಕ ಮಾತ್ರ ಉಲ್ಟಾ. ತಲಾ 840 ಗಜದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡು ತೂಗುತ್ತವೆಯೋ ಅದು ನೂಲಿನ ಕೌಂಟು. ಆದ್ದರಿಂದ 40ರ ನೂಲು 30ರ ನೂಲಿಗಿಂತ ತೆಳು. ಸಂಖ್ಯೆ ಏರಿದಂತೆ ಸತ್ವ ಇಳಿಯುವ ಈ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಿಂದ ಗಿರಣಿಗೆ ಹೋಯಿತೋ, ಗಿರಣಿಯಿಂದ ಇತ್ತ ಬಂತೋ, ಪ್ರತ್ಯೇಕವಾಗಿ ಚರ್ಚಿಸಬೇಕಾದ ವಿಷಯ.

ಪ್ರಶ್ನೆಯ ಸುತ್ತ ಎರಡು ಪಂಥಗಳಿವೆ. ಗುರುವಾದಿಗಳ ಪ್ರಕಾರ ತೂಕವೇ ಪ್ರಮಾಣ. ಬೆಟ್ಟದ ಬುಡದಲ್ಲಿ ಅರಿವಿ ಮಾರುವವನು ಟೀಶರ್ಟನ್ನು ಗಿರಾಕಿಯ ಅಂಗೈಗೆ ಹಾಕಿ "ಕೈಯಾಗ ಹಿಡಿದು ನೋಡ್ರಿ, ತೂಕ ಐತಿ" ಎನ್ನುವಾಗ ಈ ಪಂಥದ ಮಹಾವಾಕ್ಯವನ್ನೇ ಉಪದೇಶಿಸುತ್ತಿರುತ್ತಾನೆ. ಲಘುವಾದಿಗಳು ಟೀಶರ್ಟಿನೊಳಗೆ ಕೈ ತೂರಿಸಿ ಬಿಸಿಲಿಗೆ ಹಿಡಿಯುತ್ತಾರೆ. ಅಂಗೈಯ ರೇಖೆ ಕಂಡರೆ ಅದು ಗಾಳಿಯಾಡುವ ಬಟ್ಟೆ, ಬೇಸಿಗೆಗೆ ಬಂಧು. ಅದೇ ರೇಖೆ ಕಂಡು ಗುರುವಾದಿ "ಇದು ಸೊಳ್ಳೆ ಪರದೆ" ಎನ್ನುತ್ತಾನೆ. ಪ್ರತ್ಯಕ್ಷ ಒಂದೇ, ದರ್ಶನ ಎರಡು.

ಊರು ಕಿಷ್ಕಿಂಧೆಯಾದ್ದರಿಂದ ಎರಡೂ ಪಂಥಗಳು ರಾಮಾಯಣಕ್ಕೆ ಹೋಗುವುದು ಅನಿವಾರ್ಯ. ಗುರುವಾದಿಗಳ ಬಲವಾದ ಸಾಕ್ಷಿ ಹೊಳೆಯಾಚೆ, ಹಂಪಿಯ ಸುಗ್ರೀವನ ಗವಿಯ ಬಳಿ ಇದೆ. ಅಲ್ಲಿನ ಹಾಸುಬಂಡೆಯ ಮೇಲಿನ ಗೀರುಪಟ್ಟೆಯನ್ನು ಜನ ಸೀತೆ ಸೆರಗು ಎಂದು ತೋರಿಸುತ್ತಾರೆ. ಗ್ರಾನೈಟಿನ ಮೇಲೆ ಗುರುತು ಮೂಡಿಸಿದ ವಸ್ತ್ರ 240 ಜಿಎಸ್‌ಎಂಗೆ ಕಡಿಮೆ ಇದ್ದೀತೇ ಎಂಬುದು ಅವರ ಸವಾಲು. ಲಘುವಾದಿಗಳು ಬಗ್ಗುವವರಲ್ಲ. ಅಪಹರಣದ ದಾರಿಯಲ್ಲಿ ಸೀತೆ ಉತ್ತರೀಯವನ್ನು ಕೆಳಗೆಸೆದದ್ದು ಬರಿದಾಗಿ ಅಲ್ಲ, ಒಡವೆ ಕಟ್ಟಿ. ಅಷ್ಟೆತ್ತರದಿಂದ ಬಿಟ್ಟ ಬರೀ ರೇಷ್ಮೆ ಗಾಳಿಗೆ ತೇಲಿ ಕುಷ್ಟಗಿಯ ಯಾವುದೋ ಜಾಲಿಗಿಡಕ್ಕೆ ಸಿಕ್ಕಿಕೊಳ್ಳುತ್ತಿತ್ತು. ನೇರವಾಗಿ ಬಂದು ಬೆಟ್ಟದ ಮೇಲಿನ ಐವರು ವಾನರರ ನಡುವೆ ಬಿದ್ದದ್ದು ಒಡವೆಯ ತೂಕದಿಂದ. ಹಾಗಾಗಿ ಬಂಡೆ ಗೀರಿದ ಕೀರ್ತಿಯೂ ಒಡವೆಗೇ ಸಲ್ಲಬೇಕು. ಈ ವಾದಕ್ಕೆ ಗುರುವಾದಿಗಳಲ್ಲಿ ಇನ್ನೂ ಉತ್ತರ ಹುಟ್ಟಿಲ್ಲ.

ವಾಲಿ-ಸುಗ್ರೀವರ ಪ್ರಕರಣವಂತೂ ಲಘುವಾದಿಗಳಿಗೆ ಹಬ್ಬ. ಇಬ್ಬರೂ ಒಂದೇ ಅಚ್ಚು. ಮೊದಲ ಸಲ ಯಾರಿಗೆ ಬಾಣ ಬಿಡಬೇಕೆಂದೇ ರಾಮನಿಗೆ ತಿಳಿಯಲಿಲ್ಲ, ಸುಗ್ರೀವ ಪೆಟ್ಟು ತಿಂದು ಓಡಿಬಂದ. ಎರಡನೆಯ ಸಲ ಲಕ್ಷ್ಮಣ ಗಜಪುಷ್ಪಿಯ ಬಳ್ಳಿ ಕಿತ್ತು ಅವನ ಕೊರಳಿಗೆ ಕಟ್ಟಿದ. ಒಂದು ಬಳ್ಳಿಯಷ್ಟೇ ತೂಕದ ಮೇಲುಡುಪು ಒಂದು ರಾಜ್ಯದ ಹಣೆಬರಹ ಬದಲಿಸಿತು. ತಂಡದ ಟೀಶರ್ಟಿನ ಮೊದಲ ಉಲ್ಲೇಖವೂ ಇದೇ ಎಂದು ನನ್ನ ನಮ್ರ ಅಭಿಪ್ರಾಯ.

ವಿಜಯನಗರದ ಕಾಲಕ್ಕೆ ಬಂದರೆ ಆಧಾರಗಳು ಕೈಗೆಟುಕುತ್ತವೆ, ವಾದದ ಮಜಾ ಕಡಿಮೆಯಾಗುತ್ತದೆ. ಆಸ್ಥಾನಿಕರು ಕಬಾಯಿ ಎಂಬ ನಿಲುವಂಗಿ, ಕುಳ್ಳಾಯಿ ಎಂಬ ಎತ್ತರದ ಟೊಪ್ಪಿಗೆ ತೊಡುತ್ತಿದ್ದರು. ಎರಡೂ ಪಶ್ಚಿಮದ ಮುಸ್ಲಿಂ ದರಬಾರುಗಳ ಉಡುಪಿನ ಮಾದರಿ. ಹೊರಗಿನಿಂದ ಬಂದ ಹೊಲಿದ ಅಂಗಿ ತುಂಗಭದ್ರೆಯ ದಂಡೆಗೆ ಹೊಸದೇನಲ್ಲ ಎಂಬಷ್ಟಕ್ಕೆ ಇದು ಸಾಕು. 1520ರ ಸುಮಾರಿಗೆ ಬಂದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬಿಳಿಯ ಬಟ್ಟೆಯ ಮೇಲೆ ಚಿನ್ನದ ಗುಲಾಬಿಗಳ ಕಸೂತಿ ಇತ್ತೆಂದು ಬರೆದಿಟ್ಟಿದ್ದಾನೆ. ಅಲ್ಲೇ ಸಮಸ್ಯೆ: ಬಟ್ಟೆಯ ತೂಕದಲ್ಲಿ ಗುಲಾಬಿಯ ತೂಕ ಸೇರುತ್ತದೋ ಇಲ್ಲವೋ? ಇದು ಈಗಲೂ ಜೀವಂತ ಪ್ರಶ್ನೆ. ಎದೆಯಗಲ ಉಗ್ರ ಹನುಮನ ಮುಖ ಛಾಪಿಸಿದ ಟೀಶರ್ಟಿನಲ್ಲಿ ಆ ಛಾಪು ಹೆಚ್ಚಾಗಿ ಪ್ಲಾಸ್ಟಿಕ್ ಶಾಯಿಯದು, ಅದರ ಮೂಲಕ ಗಾಳಿ ಹಾಯದು. 140 ಜಿಎಸ್‌ಎಂನ ತೆಳು ಬಟ್ಟೆ ಕೊಂಡೆನೆಂದು ಬೀಗುವವನ ಎದೆ ಮಾತ್ರ ತಾಡಪತ್ರಿಯೊಳಗೆ ಕುದಿಯುತ್ತಿರುತ್ತದೆ. ಪಾಯೆಸ್ ಗುಲಾಬಿಯ ಗಾತ್ರವನ್ನೂ ಅಳೆದಿದ್ದರೆ ನಮಗೆಷ್ಟು ಅನುಕೂಲವಾಗುತ್ತಿತ್ತು!

ಈಗ ಅಳತೆಯ ಮಾತು. ಗಿರಣಿಗಳಲ್ಲಿ ಒಂದು ದುಂಡು ಕತ್ತರಿ ಇರುತ್ತದೆ. ಅದು ಬಟ್ಟೆಯಿಂದ ಕರಾರುವಾಕ್ಕಾಗಿ 100 ಚದರ ಸೆಂಟಿಮೀಟರಿನ ಬಿಲ್ಲೆಯನ್ನು ಕೊಯ್ಯುತ್ತದೆ. ಬಿಲ್ಲೆ ತೂಗಿ, ಬಂದ ಗ್ರಾಮನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ. ಬಿಲ್ಲೆಯ ಅಡ್ಡಗಲ ಹನ್ನೊಂದು ಸೆಂಟಿಮೀಟರಿಗೂ ತುಸು ಹೆಚ್ಚು. ಎಂದರೆ, ಕೊಂಡ ಟೀಶರ್ಟಿನ ತೂಕವನ್ನು ಸಂಶಯಾತೀತವಾಗಿ ತಿಳಿಯಬೇಕಾದರೆ ಅದರಲ್ಲಿ ಅಷ್ಟಗಲದ ತೂತು ಮಾಡಲೇಬೇಕು. ತೊಡುವ ಟೀಶರ್ಟಿನ ತೂಕ ತಿಳಿಯದು, ತೂಕ ತಿಳಿದ ಟೀಶರ್ಟು ತೊಡಲಾಗದು. ವೇದಾಂತಿಗಳು ಇದನ್ನು ಇಷ್ಟು ಅಗ್ಗದ ಉದಾಹರಣೆಯಲ್ಲಿ ಹೇಳಿದ್ದನ್ನು ನಾನು ಓದಿಲ್ಲ.

ತೂತಿಗೆ ಒಪ್ಪದವರು ಲೇಬಲನ್ನು ನಂಬುತ್ತಾರೆ. 180 ಎಂದು ಅಚ್ಚಾಗಿದೆ ಎನ್ನೋಣ. ಹತ್ತಿಯ ಹೆಣಿಗೆ ಮೊದಲ ಒಗೆತಕ್ಕೆ ಉದ್ದಗಲ ಎರಡರಲ್ಲೂ ನೂರಕ್ಕೆ ಐದು ಕುಗ್ಗಿದರೆ ಅಷ್ಟೇ ಹತ್ತಿ ಕಡಿಮೆ ಜಾಗಕ್ಕೆ ಬಂದು ಕೂಡುತ್ತದೆ, ಜಿಎಸ್‌ಎಂ 199 ಆಗುತ್ತದೆ. ಏನೂ ಖರ್ಚಿಲ್ಲದೆ ಲಘುವಾದಿಯೊಬ್ಬ ಗುರುವಾದಿಯಾದ. (ಗಂಜಿ ಕುಡಿಸಿ ತೂಕ ಬರಿಸಿದ ಅಗ್ಗದ ಮಾಲಾದರೆ ಅದೇ ಒಗೆತದಲ್ಲಿ ಗಂಜಿ ಬಚ್ಚಲು ಸೇರಿ ಗುರುವೇ ಲಘುವಾಗುವುದೂ ಉಂಟು.) ಈಗ ಅದನ್ನು ಗಂಗಾವತಿಯ ಭತ್ತದ ಅನ್ನದಲ್ಲಿ ನೆಮ್ಮದಿಯಾಗಿ ಬೆಳೆದ ಒಂದು ಹೊಟ್ಟೆಯ ಮೇಲೆ ಏರಿಸಿ. ಅಡ್ಡಕ್ಕೆ ನೂರಕ್ಕೆ ಹದಿನೈದು ಹಿಗ್ಗಿದರೆ ಹೊಟ್ಟೆಯ ಭಾಗದಲ್ಲಿ 173ಕ್ಕೆ ಇಳಿಯುತ್ತದೆ. ತೋಳಿನಲ್ಲಿ 199ರಲ್ಲೇ ನಿಂತಿರುತ್ತದೆ. ಲೇಬಲ್ಲಿನ 180 ದೇಹದ ಯಾವ ಭಾಗದಲ್ಲೂ ಇಲ್ಲ. ಆದ್ದರಿಂದ ಸಿದ್ಧಾಂತ ಇಷ್ಟು: ಜಿಎಸ್‌ಎಂ ಎನ್ನುವುದು ಬಟ್ಟೆಯ ಗುಣವಲ್ಲ, ಬಟ್ಟೆಗೂ ಅದರೊಳಗಿನ ಆಸಾಮಿಗೂ ಆದ ಒಪ್ಪಂದ, ಪ್ರತಿ ಊಟಕ್ಕೂ ಪ್ರತಿ ಒಗೆತಕ್ಕೂ ತಿದ್ದುಪಡಿಯಾಗುವಂಥದ್ದು.

ಆಕ್ಷೇಪ: ದಪ್ಪ ಟೀಶರ್ಟು ಬೆಟ್ಟ ಹತ್ತುವವನಿಗೆ ಹೊರೆಯಲ್ಲವೇ? ದೊಡ್ಡವರ ಒಂದು ಟೀಶರ್ಟಿಗೆ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಬಟ್ಟೆ ಹಿಡಿಯುತ್ತದೆ. 160ಕ್ಕೂ 220ಕ್ಕೂ ನಡುವಿನ ಅಂತರ ಅರವತ್ತೈದು ಗ್ರಾಂ ಆಸುಪಾಸು. ಬುಡದಲ್ಲಿ ಮಿರ್ಚಿ ಒಂದು ಕಡಿಮೆ ತಿಂದರೆ ಲೆಕ್ಕ ಚುಕ್ತಾ.

ನಿಜವಾದ ಹೊರೆ ಮೆಟ್ಟಿಲಿನ ನಡುವೆ ಹುಟ್ಟುತ್ತದೆ. ಈ ಸೀಮೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುವಾಗ ಬಂಡೆಗಳೂ ಕಾದು ಝಳ ಬಿಡುತ್ತವೆ. ಹತ್ತಿ ಮಾಮೂಲು ಹವೆಯಲ್ಲೇ ತನ್ನ ತೂಕದ ನೂರಕ್ಕೆ ಎಂಟೂವರೆ ಭಾಗ ತೇವ ಹಿಡಿದಿಡುತ್ತದೆ. ಪೂರ್ತಿ ತೊಯ್ದರೆ ತನ್ನಷ್ಟೇ ತೂಕದ ನೀರನ್ನೂ ಮೀರಿ ಕುಡಿಯಬಲ್ಲದು. ಹೀಗಾಗಿ ನಮ್ಮ 199ರ ಅಂಗಿ ಬೆನ್ನಿನ ಭಾಗದಲ್ಲಿ 400 ದಾಟಿ ಕಂಬಳಿಯ ಪದವಿಗೇರುತ್ತದೆ. ಪಾಲಿಯೆಸ್ಟರು ಹಿಡಿಯುವ ತೇವ ನೂರಕ್ಕೆ ಅರ್ಧದಷ್ಟೂ ಇಲ್ಲ. ಅದು ಬೆವರನ್ನು ಕುಡಿಯದೆ ಕೆಳಗೆ ದಾಟಿಸುತ್ತದೆ. ಎಲ್ಲಿಗೆ ಎಂಬುದನ್ನು ಪ್ಯಾಂಟಿನ ಮೀಮಾಂಸೆ ಬರೆಯುವವರು ನೋಡಿಕೊಳ್ಳಲಿ. ಹತ್ತಿಯ ಪರವಾಗಿ ಒಂದು ಮಾತು: ತೆಳುವಾಗಿದ್ದರೆ, ಮೇಲಿನ ಗುಡಿಯ ಬಳಿ ಗಾಳಿ ಬೀಸಿದಾಗ ಬೇಗ ಒಣಗಿ ಮೈಯನ್ನೂ ತಣಿಸುತ್ತದೆ. 220ರದ್ದು ಒಣಗುವಷ್ಟರಲ್ಲಿ ದರ್ಶನ, ಪ್ರಸಾದ, ಫೋಟೋ ಎಲ್ಲ ಮುಗಿದು ಇಳಿಯುವ ಹೊತ್ತಾಗಿರುತ್ತದೆ.

ಇನ್ನು ವಿಧಿ. ಬೇಸಿಗೆಯಲ್ಲಿ ಹನುಮನಹಳ್ಳಿಗೆ ಬರುವವನಿಗೆ 30ರ ಬಾಚಿದ ನೂಲಿನ, 150ರಿಂದ 160ರ ಹತ್ತಿ, ಎದೆಯ ಮೇಲೆ ದೊಡ್ಡ ಛಾಪಿಲ್ಲದ್ದು, ಮೈಗೆ ನಾಲ್ಕು ಬೆರಳು ಸಡಿಲ. ಬಿಳಿಯದೇ ಬೇಕೆಂದರೆ 180ಕ್ಕೆ ಏರಲಿ, ಇಲ್ಲವಾದರೆ ಬೆವೆತಾಗ ಜನಿವಾರ, ಲಿಂಗದ ಕಾಯಿ, ತಾಯಿತ ಎಲ್ಲ ಊರಿಗೆ ಕಾಣುತ್ತವೆ. ಡಿಸೆಂಬರ್ ಸುಮಾರಿಗೆ ಹನುಮಮಾಲೆ ಧರಿಸಿ ಬರುವವರು ಬೆಳಗಿನ ಚಳಿಗೆ 180, 200 ತೊಟ್ಟರೂ ದೋಷವಿಲ್ಲ. ಆದರೆ ಹೊಸ ಕೇಸರಿಯನ್ನು ಒಮ್ಮೆ ಉಪ್ಪುನೀರಿನಲ್ಲಿ ನೆನೆಸಿ ನೋಡಲಿ, ಬಣ್ಣ ಬಿಟ್ಟರೆ ಭಕ್ತಿ ಬನೀನಿಗೂ ಇಳಿಯುತ್ತದೆ. ಸಾಣಾಪುರದ ಬಂಡೆ ಹತ್ತುವ ಹುಡುಗರಿಗೆ ಈ ವಿಧಿ ಅನ್ವಯಿಸದು, ಅವರು ಅಂಗಿಯನ್ನೇ ತೊಡುವುದಿಲ್ಲ.

ಅಪವಾದ ಒಂದಿದೆ. ಮೆಟ್ಟಿಲ ಮೇಲೆ ಕೈಯಲ್ಲಿ ಬಾಳೆಹಣ್ಣು ಹಿಡಿದವನಿಗೆ ಮೇಲಿನ ಯಾವ ಅಂಕಿಯೂ ರಕ್ಷೆಯಲ್ಲ. ಮಂಗ ಹಿಂದಿನಿಂದ ಜಗ್ಗಿದಾಗ ಪರೀಕ್ಷೆಗೆ ನಿಲ್ಲುವುದು ಬಟ್ಟೆಯ ತೂಕವಲ್ಲ, ಭುಜದ ಹೊಲಿಗೆ. ಅಂಗಡಿಯಲ್ಲಿ ಟೀಶರ್ಟನ್ನು ಒಳಮೈ ಹೊರಗೆ ತಿರುವಿ ನೋಡಿ. ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಕತ್ತಿನ ಹಿಂದೆ ಒಂದು ಪಟ್ಟಿ ಹಾಯ್ದಿದ್ದರೆ, ಕಾಲರಿನ ರಿಬ್ ಹೆಣಿಗೆಯನ್ನು ಎಳೆದು ಬಿಟ್ಟಾಗ ಅದು ಮರಳಿ ಕೂತರೆ, ದುಡ್ಡು ಕೊಡಿ. ಬಾಳೆಹಣ್ಣನ್ನು ಮಾತ್ರ ಕೆಳಗೇ ತಿಂದು ಮುಗಿಸಿ.