ಮೂಗಿಗಿಂತ ಬತ್ತಿ ಭಾರ

ಶಿವಮೊಗ್ಗದ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಹಂಪ್ ಬಂತು, ಬ್ರೇಕ್ ಬಿತ್ತು, ಮುಂದಿನ ಸೀಟಿನ ಕಂಬಿಗೂ ನನ್ನ ಮೂಗಿಗೂ ಭೇಟಿಯಾಯಿತು. ಕಂಡವರ ವಿಷಯದಲ್ಲೆಲ್ಲ ಮೂಗು ತೂರಿಸುತ್ತಿದ್ದವನಿಗೆ ತಕ್ಕ ಶಾಸ್ತಿ ಎಂದು ನೆಂಟರು ಮೂಗು ಮುರಿದರು. ಅವರು ಮುರಿದದ್ದಕ್ಕೆ ಎಕ್ಸ್‌ರೇ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಊತ ಇಳಿಯಲೆಂದು 5 ದಿನ ಕಾಯಿಸಿದ ಡಾಕ್ಟರು, ಎರಡು ವಾರ ದಾಟಿದರೆ ಮೂಳೆ ಸೊಟ್ಟಗೇ ಕೂಡಿಕೊಂಡೀತು ಎಂದು ಹೆದರಿಸಿದರು. ಎತ್ತಿ ಕೂರಿಸಿದ ಮೂಳೆ ಮತ್ತೆ ಕುಸಿಯದಂತೆ, ರಕ್ತವೂ ನಿಲ್ಲುವಂತೆ ಒಳಗೆ ಪ್ಯಾಕ್ ಇಡಬೇಕಂತೆ. "ಯಾವುದು ಹಾಕೋಣ?" ಎಂದರು, ಸೀರೆ ಅಂಗಡಿಯವರ ಧಾಟಿಯಲ್ಲಿ. ವ್ಯಾಸಲೀನ್ ಸವರಿದ ಗಾಜ್ ಬಟ್ಟೆಯ ಪಟ್ಟಿ ಅಗ್ಗ. ಮಡಿಕೆ ಮಡಿಕೆಯಾಗಿ ತುಂಬುತ್ತಾರೆ, ಎಳೆಯುವಾಗ ಜೀವ ಬಾಯಿಗೆ ಬರುತ್ತದೆ. ಮೆರೋಸೆಲ್ ಎಂಬ ಸ್ಪಂಜು ಒಣಗಿದ್ದಾಗ ರಟ್ಟಿನ ಚೂರು. ಸಲೈನ್ ತಾಗಿತೋ, ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿ ಒತ್ತಿ ಕೂರುತ್ತದೆ. ಅಂಟಿಕೊಳ್ಳದಿರಲೆಂದು ಗ್ಲೌಸಿನ ಬೆರಳು ಕತ್ತರಿಸಿ ಅದಕ್ಕೆ ಅಂಗಿ ತೊಡಿಸುವುದೂ ಉಂಟು. ಒಳಗೇ ಕರಗಿಹೋಗುವ ಜಾತಿ ಇನ್ನೊಂದು. ಎಳೆಯುವ ಕಷ್ಟವಿಲ್ಲ, ಬಿಲ್ಲು ಮಾತ್ರ ಕರಗುವುದಿಲ್ಲ. ಮಧ್ಯಮ ವರ್ಗದವನು ನಾನು, ಮಧ್ಯದ್ದನ್ನೇ ಆರಿಸಿದೆ: ಅಂಗಿ ತೊಟ್ಟ ಸ್ಪಂಜು.

ಮೂಗಿಗಿಂತ ಮೂಗುತಿ ಭಾರ ಎಂದವರು ಈ ಬತ್ತಿಯನ್ನು ಕಂಡಿರಲಿಕ್ಕಿಲ್ಲ. ಎರಡು ಹೊಳ್ಳೆಯ ಎರಡು ದಾರ ಕೆನ್ನೆಗೆ ಅಂಟಿಸಿಕೊಂಡು 48 ಗಂಟೆ ಕೂತೆ. ನೀರು ಗುಟುಕರಿಸಿದರೆ ಕಿವಿ ಟಪ್ಪೆನ್ನುತ್ತದೆ. ಇಂಗಿನ ಒಗ್ಗರಣೆಯ ಸಾರು ಬರೀ ಬಿಸಿನೀರು. ಅದೂ ಹೋಗಲಿ, ದೊಡ್ಡ ನಷ್ಟವಾದದ್ದು ಕನ್ನಡಕ್ಕೆ. ಮೂಗು ಬಂದಾದರೆ ಅನುನಾಸಿಕಗಳೂ ಬಂದ್: ಮ ಎಂದರೆ ಬ, ನ ಎಂದರೆ ದ. ರಾತ್ರಿ ಹೆಂಡತಿಗೆ "ನೀನು ಮಲಗು" ಎಂದೆ. "ದೀದು ಬಲಗು" ಎಂದು ಹೊರಟಿತು.

"ಯಾರ್ರೀ ಅದು ದೀದು?" ಎಂದಳು.

ನಿದ್ದೆಯಿಲ್ಲದ ಆ ರಾತ್ರಿ ಸುಶ್ರುತ ನೆನಪಾದ. ಕುಸಿದ ಮೂಗನ್ನು ಸಲಾಕೆಯಿಂದ ನೆಟ್ಟಗೆ ಮಾಡಿ, ಹೊಳ್ಳೆಗೊಂದರಂತೆ ಎರಡೂ ಕಡೆ ಬಾಯಿರುವ ನಳಿಕೆ ಇಟ್ಟು, ಬಟ್ಟೆ ಸುತ್ತಿ ತುಪ್ಪ ಸುರಿಯಬೇಕು ಎಂದಿದ್ದಾನೆ ಆ ಪುಣ್ಯಾತ್ಮ. ಮೂಗಿಗೆ ತುಪ್ಪ ಸವರುವುದು ಮೋಸವಲ್ಲ, ಚಿಕಿತ್ಸೆ! ರೋಗಿಗೆ ಉಸಿರೂ ಬೇಕು ಎಂಬುದು ಅವನಿಗೆ ಹೊಳೆದಿತ್ತು. ನಳಿಕೆ ಕೂಡಿಸಿದ ಪ್ಯಾಕ್ ಈಗಲೂ ಸಿಗುತ್ತದೆ. ನಾನು ಕೇಳಿರಲಿಲ್ಲ.

ನಿಮಗೆ ಅಂಥ ಹೊತ್ತು ಬಂದರೆ ತಪ್ಪದೆ ಕೇಳಿ. ಪ್ಯಾಕ್ ಇಡುವ ಮೊದಲೇ ಕೇಳಿ. ಆಮೇಲೆ ನೀವೆಷ್ಟು ಬೇಡಿಕೊಂಡರೂ ಅವರಿಗೆ ಕೇಳಿಸುವುದು "ದಳಿಕೆ" ಎಂದೇ.